ನಾಲ್ಕನೆಯ ಹಾಳೆ

ಬೇಸಿಗೆ ರಜೆಯ ಕೊನೆಯ ಭಾನುವಾರ ನಮ್ಮ ಮನೆಯಲ್ಲಿ ಶಾಲೆಯ ಪುಸ್ತಕಗಳಿಗೆ ಬೈಂಡು ಹಾಕುವ ದಿನ. ಅವತ್ತು ಎಣ್ಣೆನೀರು ಬೇಗ ಮುಗಿಯಬೇಕು, ತಿಂಡಿಯ ತಟ್ಟೆಗಳು ಬೇಗ ಏಳಬೇಕು, ನಡುಮನೆಯ ಕೆಂಪು ನೆಲ ಒರೆಸಿ ಒಣಗಿರಬೇಕು. ಆಮೇಲೆ ಅಣ್ಣ ಗೋಡೆಗೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಅಪ್ಪನನ್ನು ನಾವು ಅಣ್ಣ ಎಂದೇ ಕರೆಯುತ್ತಿದ್ದೆವು. ಅವರದು ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸ. ಊರಿನ ಚರಂಡಿ, ಮೋರಿ, ನೀರಿನ ಕೊಳವೆ ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ದಿನವಿಡೀ ಗೆರೆ ಎಳೆಯುತ್ತಿದ್ದರು. ಮನೆಯಲ್ಲಿಯೂ ಅವರ ಕೈ ಗೆರೆ ತಪ್ಪುತ್ತಿರಲಿಲ್ಲ. ಪುಸ್ತಕವನ್ನು ಖಾಕಿ ಕಾಗದದ ನಡುವೆ ಇಟ್ಟು, ಅಂಚನ್ನು ಉಗುರಿನಿಂದ ತೀಡಿ ಮಡಿಸಿ, ಕೊನೆಯಲ್ಲಿ ಪುಸ್ತಕದ ಬೆನ್ನಿನ ಹತ್ತಿರ ಮೇಲೊಂದು ಕೆಳಗೊಂದು ತುಂಡನ್ನು ಕತ್ತರಿಯಿಂದ ತೆಗೆಯುತ್ತಿದ್ದರು. ಆ ತುಂಡು ತೆಗೆಯದಿದ್ದರೆ ಪುಸ್ತಕ ಮುಚ್ಚುವಾಗ ಕಾಗದ ಸುಕ್ಕಾಗುತ್ತದೆ, ಜುಲೈ ಹೊತ್ತಿಗೆ ಹರಿಯುತ್ತದೆ. ಅಡ್ಡಪಟ್ಟಿ ಹಿಡಿಯುವುದು, ಮೈದಾ ಗೋಂದು ಹಚ್ಚುವುದು, ಚೀಟಿ ಅಂಟಿಸಿ ಅದರ ಮೇಲೆ ಹೆಸರು ಬರೆಯುವುದು ನನ್ನ ಪಾಲು. ನನಗಿಂತ ಒಂದು ತರಗತಿ ಕೆಳಗಿದ್ದ ತಂಗಿ ಪಮ್ಮಿಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ. ಅವಳು ಬಿದ್ದ ತುಂಡುಗಳನ್ನು ಆರಿಸಿ ಹಣೆಗೆ ಅಂಟಿಸಿಕೊಂಡು ಅಮ್ಮನ ಹತ್ತಿರ ಓಡುತ್ತಿದ್ದಳು. ನಾನು ಏಳನೆಯ ತರಗತಿಗೆ ಹೋಗಬೇಕಾಗಿದ್ದ ವರ್ಷದ ಆ ಭಾನುವಾರವೂ ಎಲ್ಲ ವರ್ಷಗಳ ಹಾಗೆಯೇ ಇತ್ತು. ನಾನು ಬರೆದ ಚೀಟಿಯನ್ನು ಅಣ್ಣ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಸುಧಾ, ನಿನ್ ಕೈ ನೆಟ್ಟಗಿದೆ ಕಣೇ. ನಮ್ ಆಫೀಸಲ್ಲಿ ಇಬ್ಬರಿಗಿಲ್ಲ ಇಂಥ ಕೈ."

ಆ ಮಾತನ್ನು ನಾನು ಒಂದು ವರ್ಷ ಪೂರ್ತಿ ಇಟ್ಟುಕೊಂಡಿರಬಹುದು ಎಂದುಕೊಂಡಿದ್ದೆ. ಆರು ದಿನ ಇಟ್ಟುಕೊಂಡೆ.

ಮುಂದಿನ ಶನಿವಾರ ಅಣ್ಣ ಕಚೇರಿಯಿಂದ ನೇರ ಮನೆಗೆ ಬರದೆ ಪೇಟೆಯ ಕಡೆ ಹೋಗಿದ್ದರು. ಪೇಟೆಯ ಒಂದು ಗಲ್ಲಿಯಲ್ಲಿ ರುದ್ರಪ್ಪ ಎಂಬುವರ ಹಳೆಯ ಕಾಗದದ ಮಳಿಗೆ ಇತ್ತು. ಹಣೆತುಂಬ ವಿಭೂತಿ ಇಟ್ಟುಕೊಂಡು, ಹಗ್ಗ ಕಟ್ಟಿದ ಕಾಗದದ ಮೂಟೆಗಳ ನಡುವೆ ಕೂರುತ್ತಿದ್ದ ಅವರು, ಎಲ್ಲಿಯಾದರೂ ಗೆರೆ ಎಳೆದ ದೊಡ್ಡ ಹಾಳೆ ಕಂಡರೆ ಅಣ್ಣನಿಗೆಂದು ತೆಗೆದಿಡುತ್ತಿದ್ದರು. ಮುಚ್ಚಿಹೋದ ಯಾವುದೋ ವಾಚನಾಲಯದ ಕಾಗದವೆಲ್ಲ ಅವರ ಮಳಿಗೆಗೆ ಬಂದಿತ್ತಂತೆ. ಅವರು ಹೇಳಿದ್ದನ್ನು ಅಣ್ಣ ಮನೆಗೆ ಬಂದು ಅವರ ದನಿಯಲ್ಲೇ ಹೇಳಿ ತೋರಿಸಿದರು.

"ಸ್ವಾಮಿ, ಇದ್ಯಾವ ಊರಿನ ನಕ್ಷೆ ನೋಡಿ ಒಸಿ. ಒಂದು ರಸ್ತೆ ಇಲ್ಲ, ಒಂದು ಕೆರೆ ಇಲ್ಲ, ದೇವಸ್ಥಾನ ಮೊದಲೇ ಇಲ್ಲ. ಬರೀ ಗುಂಡಿ!"

ಅದು ಚಂದ್ರನ ನಕ್ಷೆ. ಅಮೆರಿಕದವರು ಮನುಷ್ಯರನ್ನು ಅಲ್ಲಿಗೆ ಕಳಿಸುವ ಮೊದಲು, ಎಲ್ಲಿ ಇಳಿಸಬಹುದು ಎಂದು ನೋಡಲು ಚಂದ್ರನ ನಡುಪಟ್ಟಿಯನ್ನು ಆರು ಹಾಳೆಗಳಲ್ಲಿ ಬರೆಸಿದ್ದರು. ಒಂದೊಂದೂ ಗೋಡೆಯ ಕ್ಯಾಲೆಂಡರಿನಷ್ಟು ದೊಡ್ಡದು. ಒಂದರ ಪಕ್ಕ ಒಂದು ಹಾಸಿದರೆ ಬೀದಿಬಾಗಿಲಿನಿಂದ ದೇವರಮನೆಯ ಹೊಸ್ತಿಲಿನವರೆಗೆ ಬರುತ್ತಿತ್ತು. ಅಣ್ಣ ಅವತ್ತು ಕೈಕಾಲು ತೊಳೆದು, ಕೈಯನ್ನು ಎರಡು ಸಲ ಒರೆಸಿಕೊಂಡು, ಆರನ್ನೂ ಹಾಸಿದರು. ಅಮ್ಮ ಕಾಫಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಳು. ನಾನು ಮತ್ತು ಪಮ್ಮಿ ಎರಡು ಬದಿಗೆ ಮಂಡಿಯೂರಿ ಕೂತೆವು.

"ಏನು ಕಾಣತ್ತೆ ಹೇಳಿ" ಎಂದರು ಅಣ್ಣ.

ನನಗೆ ಕಂಡದ್ದನ್ನು ನಾನು ಹೇಳಿದೆ. ಕಾಗದದ ತುಂಬ ಉಬ್ಬಿದ ಗುಳ್ಳೆಗಳು, ಎಣ್ಣೆಯಲ್ಲಿ ತೇಲುವ ಬೋಂಡಾಗಳಂಥವು. ಪಮ್ಮಿ ನನ್ನ ಕಡೆ ಆಶ್ಚರ್ಯದಿಂದ ನೋಡಿದಳು.

"ಬೋಂಡಾ ಎಲ್ಲಿದೆ ಅಕ್ಕಾ? ಎಲ್ಲಾ ಹಳ್ಳ ಅಲ್ವಾ? ಬಿಸಿಲು ಈ ಕಡೆಯಿಂದ ಬರ್ತಿದೆ, ನೋಡು. ಅದಕ್ಕೇ ಈ ಗೋಡೆ ಕಪ್ಪು, ಆ ಗೋಡೆ ಬೆಳಕು."

ಅಣ್ಣ ಪಮ್ಮಿಯ ತಲೆಯ ಮೇಲೆ ಕೈಯಿಟ್ಟರು, ಅಷ್ಟೇ. ಆಮೇಲೆ ನನಗೂ ತೋರಿಸಲು ಬಹಳ ಪ್ರಯತ್ನಪಟ್ಟರು, ಅದು ಸುಳ್ಳಲ್ಲ. ಹಾಳೆಯನ್ನು ತಿರುಗಿಸಿದರು, ಪಕ್ಕದಲ್ಲಿ ದೀಪ ಹಿಡಿದರು, ಒಂದು ಕಣ್ಣು ಮುಚ್ಚಿ ನೋಡು ಎಂದರು. ನನಗೆ ಗುಳ್ಳೆ ಗುಳ್ಳೆಯಾಗಿಯೇ ಕಾಣುತ್ತಿತ್ತು. ಕೊನೆಗೆ "ಹ್ಞೂಂ, ಹಳ್ಳ ಕಾಣ್ತು" ಎಂದು ಸುಳ್ಳು ಹೇಳಿದೆ. ಅಣ್ಣನಿಗೆ ಅದು ಸುಳ್ಳೆಂದು ಗೊತ್ತಾಯಿತು. ಮತ್ತೆ ಅವರು ನನ್ನನ್ನು ಕೇಳಲಿಲ್ಲ.

ಅಲ್ಲಿಂದ ನಮ್ಮ ಮನೆಗೆ ಚಂದ್ರ ಕಂತುಕಂತಾಗಿ ಬಂದ. ರುದ್ರಪ್ಪನವರ ಮಳಿಗೆಯಿಂದ, ಅವೆನ್ಯೂ ರಸ್ತೆಯ ಭಾನುವಾರದ ಫುಟ್‌ಪಾತಿನಿಂದ, ಮಲ್ಲೇಶ್ವರದಲ್ಲಿ ಯಾರದೋ ಮನೆ ಖಾಲಿ ಮಾಡುವಾಗ ಹೊರಬಿದ್ದ ಪೆಟ್ಟಿಗೆಯಿಂದ. ಇಳಿಯುವ ಜಾಗಗಳ ಸುತ್ತಲಿನ ಸಣ್ಣ ನಕ್ಷೆಗಳು, ಪತ್ರಿಕೆಯವರಿಗೆಂದು ಹಂಚಿದ್ದ ಟೈಪು ಮಾಡಿದ ಕಾಗದದ ಕಟ್ಟುಗಳು, ಯಾತ್ರೆಯ ಒಂದೊಂದು ಗಂಟೆಗೂ ಏನು ಕೆಲಸ ಎಂದು ಪಟ್ಟಿ ಮಾಡಿದ ಪುಸ್ತಕದ ಬಿಡಿ ಹಾಳೆಗಳು. ಕೆಲವು ಹಾಳೆಗಳ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು, ಕೆಲವುಗಳ ಹಿಂದೆ ವಾಚನಾಲಯದ ಮೊಹರು ಇತ್ತು. ಪೆನ್ಸಿಲ್ ಗುರುತು ಅಳಿಸಲು ರಬ್ಬರು ತಂದ ನನಗೆ ಅಣ್ಣ ಹೇಳಿದ್ದು ನೆನಪಿದೆ.

"ಬೇಡ ಬೇಡ. ಹಿಂದಿನೋರ ಗುರುತು ಅಳಿಸಬಾರದು. ಯಾರ್ಯಾರ ಕೈಲಿ ಇತ್ತು ಅನ್ನೋದೂ ಇದರಲ್ಲೇ ಸೇರಿದ್ದು."

ಎಲ್ಲವನ್ನೂ ನಡುನಡುವೆ ಬೆಣ್ಣೆಕಾಗದ ಹಾಕಿ, ಬೇವಿನೆಲೆ ಉದುರಿಸಿ, ಎರಡು ಪ್ಲೈವುಡ್ ಹಲಗೆಗಳ ಮಧ್ಯೆ ಇಟ್ಟು ಲಾಡಿಯಿಂದ ಕಟ್ಟುತ್ತಿದ್ದರು. ಮಲಗುವ ಕೋಣೆ ಒಂದೇ ಇದ್ದ ಮನೆಯಲ್ಲಿ ಅಷ್ಟು ದೊಡ್ಡ ಹಲಗೆ ಮಲಗಲು ಜಾಗವಿದ್ದದ್ದು ಒಂದೇ ಕಡೆ: ನಾನು, ಪಮ್ಮಿ ಮಲಗುವ ಮಂಚದ ಮೇಲೆ, ಹಾಸಿಗೆಯ ಕೆಳಗೆ. ಜೊತೆಗೆ ಒಂದು ಉದ್ದನೆಯ ನೋಟ್‌ಪುಸ್ತಕ. ಅದರಲ್ಲಿ ಪ್ರತಿ ಹಾಳೆಗೂ ಒಂದು ಸಾಲು: ಏನು, ಎಲ್ಲಿಂದ ಬಂತು, ಹೇಗಿದೆ. ಅಣ್ಣ ಹೇಳುತ್ತಿದ್ದರು, ಪಮ್ಮಿ ಹೂಂಗುಟ್ಟುತ್ತಿದ್ದಳು. ಬರೆಯುವಾಗ ಅಡ್ಡಪಟ್ಟಿ ಹಿಡಿಯುತ್ತಿದ್ದದ್ದೂ ಅವಳೇ. ನಾನು ಅಡುಗೆಮನೆಯಲ್ಲಿ ಅಮ್ಮನ ಜೊತೆ ಹುರುಳಿಕಾಯಿ ಬಿಡಿಸುತ್ತ, ಅವರಿಬ್ಬರ ತಗ್ಗಿದ ದನಿಯನ್ನು ಕೇಳಿಸಿಕೊಳ್ಳುತ್ತಿದ್ದೆ. ಆ ನೋಟ್‌ಪುಸ್ತಕವನ್ನು ಎಂದೂ ತೆರೆದು ನೋಡುವುದಿಲ್ಲ ಎಂದು ಆಗಲೇ ಹಟ ಹಿಡಿದೆ. ಅಂಥ ಹಟಗಳನ್ನು ಮಾತ್ರ ನಾನು ಬಹಳ ಚೆನ್ನಾಗಿ ಪಾಲಿಸುತ್ತಿದ್ದೆ.

ಊಟದ ಹೊತ್ತಿನಲ್ಲಿ ಅಣ್ಣ ಆ ಗಂಟೆಗಂಟೆಯ ಪಟ್ಟಿಯನ್ನು ತಟ್ಟೆಯಿಂದ ಸ್ವಲ್ಪ ದೂರದಲ್ಲಿ ಇಟ್ಟುಕೊಂಡು ಓದುತ್ತಿದ್ದರು. ಈಗ ಚಂದ್ರಯಾತ್ರಿಗಳು ಎದ್ದರು, ಈಗ ಅವರಿಗೆ ಊಟದ ಸಮಯ, ಈಗ ಇಬ್ಬರು ಮಲಗಬೇಕು, ಒಬ್ಬ ಎಚ್ಚರವಿರಬೇಕು.

"ಊಟಕ್ಕೆ ಒಂದು ಗಂಟೆ ಕೊಟ್ಟಿದಾರೆ ನೋಡು" ಎಂದು ಪಮ್ಮಿಗೆ ಹೇಳುತ್ತಿದ್ದರು.

"ಪಾಪ, ಹುಳಿ ಯಾರು ಬಡಿಸ್ತಾರಂತೆ ಅಲ್ಲಿ?" ಎನ್ನುತ್ತಿದ್ದಳು ಅಮ್ಮ. "ರೀ, ನಿಮಗೆ ಚಂದ್ರಂಗೆ ಹೋಗೋ ದಾರಿ ಅಂಗೈಲಿದೆ. ರೇಷನ್ ಅಂಗಡಿ ದಾರಿ ಮಾತ್ರ ಮೂರು ವಾರದಿಂದ ಸಿಕ್ಕಿಲ್ಲ."

"ಅಲ್ಲಿ ಕ್ಯೂ ಇರಲ್ಲ ಕಣೇ."

"ಚರಂಡಿನೂ ಇರಲ್ಲ. ಅದಕ್ಕೇ ನಿಮಗೆ ಅಷ್ಟು ಇಷ್ಟ."

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಅಣ್ಣ ನಗುವಾಗ ಮೊದಲು ಯಾರ ಮುಖ ನೋಡುತ್ತಾರೆ ಎಂಬುದನ್ನು ಗಮನಿಸುತ್ತಿದ್ದೆ. ಮೊದಲು ಪಮ್ಮಿಯ ಮುಖ. ಆಮೇಲೆ ಅಮ್ಮನದು. ಆಮೇಲೆ ಮಜ್ಜಿಗೆಯ ಪಾತ್ರೆ. ಪಮ್ಮಿಗೆ ನನ್ನ ಜೊತೆ ಯಾವ ಪೈಪೋಟಿಯೂ ಇರಲಿಲ್ಲ, ಅದೇ ನನಗೆ ಸಹಿಸಲಾಗುತ್ತಿರಲಿಲ್ಲ. ಅವಳು ನನ್ನನ್ನು ಸೋಲಿಸಲು ಆ ಹಳ್ಳಗಳನ್ನು ನೋಡಿದ್ದಲ್ಲ. ಅವು ಅವಳಿಗೆ ಸುಮ್ಮನೆ ಕಾಣುತ್ತಿದ್ದವು. ಸಂಕಷ್ಟಿಯ ದಿನ ಅಮ್ಮ ಚಂದ್ರೋದಯಕ್ಕೆ ಕಾಯುತ್ತ ತಾರಸಿಯ ಮೇಲೆ ನಿಂತಾಗ, ಪಮ್ಮಿ ಚಂದ್ರನ ಕಡೆ ಬೆರಳು ತೋರಿಸಿ, "ಅಮ್ಮಾ, ನಮ್ಮ ಆರು ಹಾಳೆ ಅಲ್ಲಿ ಅಡ್ಡಕ್ಕೆ ಬರತ್ತೆ" ಎನ್ನುತ್ತಿದ್ದಳು. ನಮ್ಮ ಎಂದರೆ ಅವಳದು ಮತ್ತು ಅಣ್ಣನದು. ನಾನು ಕೆಳಗೆ ನೋಡಿಕೊಂಡು ಅರ್ಘ್ಯದ ತಂಬಿಗೆ ಹಿಡಿದಿರುತ್ತಿದ್ದೆ.

ಮತ್ತೆ ಬೇಸಿಗೆ ರಜೆಯ ಕೊನೆಯ ಭಾನುವಾರ ಬಂತು. ನಾನು ಎಂಟನೆಯ ತರಗತಿ, ಹೈಸ್ಕೂಲು. ಬೆಳಿಗ್ಗೆಯೇ ಖಾಕಿ ಕಾಗದ ಸುರುಳಿ ಬಿಡಿಸಿ ಅದರ ಮೇಲೆ ಕುಟ್ಟಾಣಿ ಹೇರಿಟ್ಟೆ. ಗೋಂದು ಕಾಯಿಸಿದೆ. ಹುಳ ಹಿಡಿಯದಿರಲು ಚಿಟಿಕೆ ಮೈಲುತುತ್ತ ಹಾಕಬೇಕೆಂದು ಅಣ್ಣ ಕಲಿಸಿದ್ದನ್ನೂ ಮರೆಯಲಿಲ್ಲ. ನಡುಮನೆಗೆ ಬಂದರೆ ಅಣ್ಣ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು, ಪಮ್ಮಿ ಚಪ್ಪಲಿ ಮೆಟ್ಟಿ ನಿಂತಿದ್ದಳು.

"ಅವೆನ್ಯೂ ರಸ್ತೆಗೆ ಹೋಗಿಬರ್ತೀವಿ ಸುಧಾ. ಬೇಗ ಹೋಗದಿದ್ರೆ ಒಳ್ಳೇವು ಉಳಿಯಲ್ಲ."

"ಅಣ್ಣಾ, ಬೈಂಡು?"

"ಈ ಸಲ ನೀನೇ ಹಾಕ್ಬಿಡು. ದೊಡ್ಡೋಳಾದೆ. ಪಮ್ಮಿದಕ್ಕೂ ಹಾಕ್ಬಿಡು, ನಿನ್ ಕೈ ನೆಟ್ಟಗಿದೆ."

ಅದೇ ಮಾತು. ಆದರೆ ಈಗ ಅದು ಕೆಲಸ ಹೇಳಲು ಬಂದ ಮಾತು. ಅವರು ಹೋದರು. ಅಮ್ಮ ಪಕ್ಕದ ಮನೆಯಲ್ಲಿ ಸಂಡಿಗೆ ಇಡಲು ಹೋಗಿದ್ದಳು. ನಾನು ಮೊದಲು ಪಮ್ಮಿಯ ಪುಸ್ತಕಗಳಿಗೆಲ್ಲ ಅಚ್ಚುಕಟ್ಟಾಗಿ ಬೈಂಡು ಹಾಕಿದೆ. ಆಮೇಲೆ ನನ್ನವಕ್ಕೆ. ಕೊನೆಗೆ ವಿಜ್ಞಾನದ ಪುಸ್ತಕ ಒಂದು ಉಳಿಯಿತು, ಕಾಗದವೂ ಉಳಿದಿತ್ತು. ಕಾಗದ ಸಾಲಲಿಲ್ಲ ಎಂದು ನಾನು ಎಂದೂ ಹೇಳಲಾರೆ. ಹಾಸಿಗೆ ಎತ್ತಿ, ಲಾಡಿ ಬಿಚ್ಚಿ, ಮೇಲಿನ ಬೆಣ್ಣೆಕಾಗದಗಳನ್ನು ಸರಿಸಿ ನಾಲ್ಕನೆಯ ಹಾಳೆಯನ್ನು ತೆಗೆದೆ. ಐದನೆಯದನ್ನು ತೆಗೆಯುವ ಧೈರ್ಯ ಬರಲಿಲ್ಲ. ಮನುಷ್ಯರು ಮೊದಲು ಇಳಿದ ಜಾಗ ಅದರಲ್ಲಿತ್ತು. ನಾಲ್ಕನೆಯದರ ಮೇಲೆ ಆ ಮೊದಲ ಯಾತ್ರೆಯಲ್ಲಿ ಯಾರೂ ಇಳಿದಿರಲಿಲ್ಲ. ಕದಿಯುವಾಗಲೂ ನಾನು ಲೆಕ್ಕ ಹಾಕುವ ಹುಡುಗಿಯಾಗಿದ್ದೆ. ಹಾಳೆಯನ್ನು ಬೋರಲು ಹಾಕಿ, ಬಿಳಿಯ ಬೆನ್ನು ಹೊರಗೆ ಬರುವಂತೆ, ಅದರ ನಡುವೆ ಪುಸ್ತಕವಿಟ್ಟೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ನಾಲ್ಕೂ ಕಡೆ ಮಡಿಕೆಗೆ ಸಾಲುವಷ್ಟು ಉಳಿಯಿತು. ಉಗುರಿನಿಂದ ಅಂಚು ತೀಡಿದೆ. ಆಮೇಲೆ ಅಣ್ಣ ಕಲಿಸಿದ ಹಾಗೆಯೇ ಬೆನ್ನಿನ ಹತ್ತಿರ ಮೇಲೊಂದು, ಕೆಳಗೊಂದು ತುಂಡು ಕತ್ತರಿಸಿದೆ. ಕೆಳಗಿನ ತುಂಡಿನಲ್ಲಿ, ಅಂಚಿನ ನಡುಮಧ್ಯದಲ್ಲಿ, ನಕ್ಷೆಯ ಅಳತೆಪಟ್ಟಿ ಇತ್ತು: ಇಷ್ಟು ಉದ್ದಕ್ಕೆ ಇಷ್ಟು ಮೈಲಿ ಎಂದು ಕಪ್ಪು ಬಿಳಿ ಮನೆಗಳ ಸಣ್ಣ ಏಣಿಯಂಥದ್ದು. ಕತ್ತರಿ ಅದರ ಮೇಲೆ ಹೋಗುವುದು ನನಗೆ ಕಾಣುತ್ತಿತ್ತು. ತುಂಡುಗಳು ನೆಲದ ಮೇಲಿನ ಖಾಕಿ ತುಂಡುಗಳ ನಡುವೆ ಬಿದ್ದವು. ಪುಸ್ತಕಕ್ಕೆ ಚೀಟಿ ಅಂಟಿಸಿ, ನನ್ನ ಹೆಸರು, ತರಗತಿ, ವಿಷಯ ಬರೆದೆ. ಅಷ್ಟು ಚೆನ್ನಾಗಿ ನಾನು ಮತ್ತೆಂದೂ ಬರೆದಿಲ್ಲ. ಸಂಜೆ ಅಮ್ಮ ಬಂದು ನಡುಮನೆ ಗುಡಿಸಿ ಕಸವನ್ನು ಬಚ್ಚಲೊಲೆಗೆ ಹಾಕಿದಳು.

ಎರಡು ದಿನ ಬಿಟ್ಟು ಅಣ್ಣ ಹಾಳೆಗಳನ್ನು ಹಾಸಿದಾಗ ನಾಲ್ಕನೆಯದು ಇರಲಿಲ್ಲ. ಅವರು ಕೂಗಾಡುವ ಮನುಷ್ಯರಲ್ಲ. ಹಲಗೆಯ ಕಟ್ಟಿನ ಹಾಳೆಗಳನ್ನು ಒಂದೊಂದೇ ಬಿಡಿಸಿ ನೋಡಿದರು, ಮಂಚದ ಕೆಳಗೆ ಬಗ್ಗಿ ನೋಡಿದರು, ಪೇಪರಿನ ರಾಶಿ ಜಾಲಾಡಿದರು. ಪಮ್ಮಿ ಬಿಕ್ಕಿಬಿಕ್ಕಿ ಅತ್ತಳು. ಮಾರನೆಯ ದಿನವೂ ಹುಡುಕಿದರು. ಮೂರನೆಯ ದಿನ ಸಂಜೆ ನಾನು ನಡುಮನೆಯಲ್ಲಿ ಕೂತು ವಿಜ್ಞಾನ ಓದುತ್ತಿದ್ದೆ. ಬೇಕೆಂದೇ ಅಲ್ಲಿ ಕೂತಿದ್ದೆ. ಅಣ್ಣ ಕಚೇರಿಯಿಂದ ಬಂದು, ಕೈಕಾಲು ತೊಳೆದು, ನನ್ನ ಪಕ್ಕದಲ್ಲೇ ಹಾದು ಹೋದರು. ಅವತ್ತಿನಿಂದ ಅವರು ಹುಡುಕುವುದನ್ನು ಬಿಟ್ಟರು.

"ಹೋಗ್ಲಿ ಬಿಡು ಪಮ್ಮಿ. ಎಲ್ಲೋ ಇರತ್ತೆ" ಎಂದರು.

ಒಂದು ವರ್ಷ ಪೂರ್ತಿ ಆ ಪುಸ್ತಕವನ್ನು ಅಣ್ಣನ ಕಣ್ಣೆದುರು ಓದಿದೆ. ಅದರ ಮೇಲೆ ಪ್ರೋಗ್ರೆಸ್ ಕಾರ್ಡ್ ಇಟ್ಟು ಅವರಿಂದ ಸಹಿ ಹಾಕಿಸಿಕೊಂಡೆ. ಕಾಗದವನ್ನು ಮುಟ್ಟಿ ಯಾವ ಗಿರಣಿಯದು ಎಂದು ಹೇಳುವವರು ಅವರು. ನನ್ನ ಪುಸ್ತಕದ ಮೇಲಿನ ಕಾಗದ ಅವರಿಗೆ ಕಾಣಲಿಲ್ಲ. ಸಿಕ್ಕಿಬೀಳುತ್ತೇನೆಂಬ ಹೆದರಿಕೆ ಮೊದಲ ತಿಂಗಳಲ್ಲೇ ಹೋಯಿತು. ಆಮೇಲೆ ಉಳಿದದ್ದು ಸಿಕ್ಕಿಬೀಳುತ್ತಿಲ್ಲವಲ್ಲ ಎಂಬ ಉರಿ. ಅದೇ ಪುಸ್ತಕ ಪಮ್ಮಿಯ ಕೈಯಲ್ಲಿದ್ದರೆ ಮೊದಲ ದಿನವೇ ಕಾಣುತ್ತಿತ್ತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಇನ್ನೂ ಒಂದು ನನ್ನನ್ನು ಸುಟ್ಟಿತು. ಹಾಳೆಗಳನ್ನು ಹಾಸುವಾಗ ಅಣ್ಣ ಮೂರನೆಯದರ ಪಕ್ಕಕ್ಕೆ ಐದನೆಯದನ್ನು ತರಲಿಲ್ಲ. ನಾಲ್ಕನೆಯದರ ಜಾಗವನ್ನು ಖಾಲಿ ಬಿಟ್ಟರು. ಆ ಖಾಲಿ ಜಾಗದಲ್ಲಿ, ಕೆಂಪು ನೆಲದ ಮೇಲೆ, ಕಾಲು ಮಡಿಸಿ ಪಮ್ಮಿ ಕೂರತೊಡಗಿದಳು. ಅಲ್ಲಿ ಕೂತರೆ ಅವಳಿಗೆ ಎರಡೂ ಕಡೆ ಕೈ ಎಟುಕುತ್ತಿತ್ತು. ನಾನು ಕದ್ದು ಮಾಡಿದ ಜಾಗ ಅವಳಿಗೆ ಕೂರಲು ಒದಗಿತು.

ಆ ವರ್ಷದ ಚೌತಿಯ ದಿನ ಅಮ್ಮ ಬೆಳಿಗ್ಗೆಯೇ ಕಟ್ಟಪ್ಪಣೆ ಮಾಡಿದಳು. ಚೌತಿಯ ಚಂದ್ರನನ್ನು ನೋಡಿದರೆ ಮಾಡದ ಕಳ್ಳತನದ ಅಪವಾದ ಹೊರಬೇಕಾಗುತ್ತದೆ ಎಂಬುದು ಎಲ್ಲರ ಮನೆಯ ನಂಬಿಕೆ. ನಮ್ಮ ಮನೆಯಲ್ಲಿ ಅದಕ್ಕೆ ಇನ್ನೊಂದು ಕಟ್ಟಳೆ ಸೇರಿತ್ತು.

"ಇವತ್ತು ಹಲಗೆ ಬಿಚ್ಚೋ ಹಾಗಿಲ್ಲ. ಆಕಾಶದ್ದೂ ನೋಡ್ಬೇಡಿ, ಕಾಗದದ್ದೂ ನೋಡ್ಬೇಡಿ. ನಿಮ್ಮ ಚಂದ್ರನ ದೆಸೆಯಿಂದ ನಮ್ಮ ಮೇಲೆ ಕಳ್ಳತನದ ಅಪವಾದ ಬೇಡ."

"ಕಾಗದದ ಚಂದ್ರಂಗೆ ಅಷ್ಟು ಶಕ್ತಿ ಇರಲ್ಲ ಬಿಡಮ್ಮ" ಎಂದಳು ಪಮ್ಮಿ, ಕಡುಬು ಬಾಯಲ್ಲಿಟ್ಟುಕೊಂಡು.

ಅಣ್ಣ ಎಲೆಯ ಮೇಲಿನ ಅನ್ನವನ್ನು ಕಲಸುತ್ತ, ತಲೆ ಎತ್ತದೆ ಹೇಳಿದರು:

"ಅಪವಾದ ಯಾಕೆ ಬರತ್ತೆ? ಈ ಮನೇಲಿ ಯಾರ ಮೇಲೂ ಯಾರೂ ಹೊರಿಸಲ್ಲ."

ನಾನು ಅಮ್ಮನಿಂದ ಇನ್ನೊಂದು ಕಡುಬು ಹಾಕಿಸಿಕೊಂಡೆ. ಅಣ್ಣ ಸುಮ್ಮನೆ ಹೇಳಿದ ಮಾತು ಅದೆಂದು ಬಹಳ ವರ್ಷ ತಿಳಿದುಕೊಂಡಿದ್ದೆ.

ಪರೀಕ್ಷೆ ಮುಗಿದ ಮೇಲೆ ಪುಸ್ತಕಕ್ಕೆ ಬೇರೆ ಬೈಂಡು ಹಾಕಿ, ಹಾಳೆಯನ್ನು ಸುಟ್ಟುಬಿಡಬೇಕು ಎಂದುಕೊಂಡಿದ್ದೆ. ಆದರೆ ರಜೆಗೆ ಸೋದರತ್ತೆ ಮತ್ತಿಕೆರೆಯ ತಮ್ಮ ಮನೆಗೆ ಕರೆದುಕೊಂಡು ಹೋದರು. ತಿಂಗಳು ಕಳೆದು ವಾಪಸು ಬಂದಾಗ ನನ್ನ ಎಂಟನೆಯ ತರಗತಿಯ ಪುಸ್ತಕಗಳೆಲ್ಲ ಪಮ್ಮಿಯ ಗೂಡಿಗೆ ಹೋಗಿದ್ದವು. ಅಕ್ಕನ ಪುಸ್ತಕ ಮುಂದಿನ ವರ್ಷ ತಂಗಿಗೆ, ಅದು ನಮ್ಮ ಬೀದಿಯ ಎಲ್ಲ ಮನೆಗಳ ರೂಢಿ. ನನಗೆ ಹೇಗೆ ಮರೆತುಹೋಯಿತೋ ಗೊತ್ತಿಲ್ಲ. ಬೈಂಡುಗಳೂ ಆಗಲೇ ಬದಲಾಗಿದ್ದವು. ವಿಜ್ಞಾನದ ಪುಸ್ತಕದ ಮೇಲೆ ಹೊಸ ಖಾಕಿ ಕಾಗದ, ಪಮ್ಮಿಯ ಸೊಟ್ಟ ಅಕ್ಷರ. ನಾನು ಅವಳ ಮುಖ ನೋಡಿದೆ. ಅವಳು ಹಲಸಿನ ಹಪ್ಪಳ ತಿನ್ನುತ್ತಿದ್ದಳು.

"ಅಕ್ಕಾ, ಅತ್ತೆ ಮನೇಲಿ ಏನೇನ್ ಮಾಡಿದ್ರು?" ಎಂದಳು.

ಅಷ್ಟೇ. ಆ ದಿನ, ಆ ವಾರ, ಆ ವರ್ಷ, ಏನೂ ಆಗಲಿಲ್ಲ. ಹಾಳೆಗಳನ್ನು ಹಾಸುವಾಗ ಜಾಗ ಖಾಲಿಯೇ ಇರುತ್ತಿತ್ತು. ಹಳೆಯ ಬೈಂಡನ್ನು ಒಳಗೆ ನೋಡದೆ ಕಿತ್ತು ಒಲೆಗೆ ಹಾಕಿದ್ದಾರೆ ಎಂದುಕೊಂಡೆ. ನನಗೆ ನಿರಾಳವೂ ಆಯಿತು, ಒಂದು ಥರದ ಸೋಲೂ ಆಯಿತು. ಅವರಿಬ್ಬರ ಚಂದ್ರನಿಂದ ನಾನು ಕಿತ್ತುಕೊಂಡದ್ದು ಅವರಿಗೆ ಗೊತ್ತೇ ಆಗದೆ ಬೂದಿಯಾಯಿತಲ್ಲ ಎಂದು.

ಓದು ಮುಗಿಯಿತು. ನಾನು ಮದುವೆಯಾಗಿ ಹನುಮಂತನಗರಕ್ಕೆ ಬಂದೆ. ಪಮ್ಮಿ ಭೂಗೋಳ ಓದಿ ಹೈಸ್ಕೂಲಿನಲ್ಲಿ ಮೇಡಮ್ ಆದಳು, ಮದುವೆ ಬೇಡವೆಂದಳು, ನಮ್ಮ ಚಾಮರಾಜಪೇಟೆಯ ಮನೆಯಲ್ಲೇ ಉಳಿದಳು. ಅಣ್ಣ ನಿವೃತ್ತರಾಗಿ ಕೆಲವು ವರ್ಷಕ್ಕೆ ತೀರಿಕೊಂಡರು. ಅವರ ತಿಥಿಗೆ ಹೋದಾಗಲೆಲ್ಲ ಪಮ್ಮಿ ಕೇಳುತ್ತಿದ್ದಳು.

"ಅಕ್ಕಾ, ಒಂದ್ಸಲ ಹಾಸೋಣ್ವಾ? ಅಣ್ಣಂಗೆ ಖುಷಿ ಆಗತ್ತೆ."

"ನೀನು ಹಾಸ್ಕೋ. ನನಗೆ ಪಾತ್ರೆ ತೊಳೆಯೋದಿದೆ."

ಅವಳ ವಿದ್ಯಾರ್ಥಿನಿಯರು ಮನೆಗೆ ಬಂದು ಆ ಹಾಳೆಗಳ ಸುತ್ತ ಕೂರುತ್ತಿದ್ದರಂತೆ. ಅಮ್ಮ ಹೇಳುತ್ತಿದ್ದಳು, ಹೆಮ್ಮೆಯಿಂದ. ನಾನು ಮಾತು ಬದಲಿಸುತ್ತಿದ್ದೆ. ಮೂವತ್ತು ದಾಟಿದ ಮೇಲೂ, ಎರಡು ಮಕ್ಕಳ ತಾಯಿಯಾದ ಮೇಲೂ, ಆ ಹೆಮ್ಮೆಯ ದನಿ ಕೇಳಿದರೆ ನನ್ನ ಹೊಟ್ಟೆಯೊಳಗೆ ಅದೇ ಹನ್ನೆರಡು ವರ್ಷದವಳು ಎದ್ದು ಕೂರುತ್ತಿದ್ದಳು.

ಪಮ್ಮಿಗೆ ಬಂದದ್ದು ಮೂರು ವಾರದ ಜ್ವರ. ಮೊದಲ ವಾರ ನಾವು ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ನಾನು ಅವಳಿಗೆ ಗಂಜಿ ಕುಡಿಸುತ್ತಿದ್ದಾಗ ಕಣ್ಣು ತೆರೆದಳು.

"ಮನೆಗೆ ಹೋದ್ಮೇಲೆ ಆರೂ ಹಾಸೋಣ ಅಕ್ಕಾ."

"ಐದು" ಎಂದೆ.

ಅವಳು ನಕ್ಕಳು. ಜ್ವರದ ಬಾಯಿಮಾತು ಎಂದುಕೊಂಡು ಗಂಜಿಯ ಚಮಚ ಮುಂದೆ ಹಿಡಿದೆ. ನಾನು ಒಂದು ಪ್ರಶ್ನೆ ಕೇಳಬಹುದಿತ್ತು. ಕೇಳಲಿಲ್ಲ.

ಪಮ್ಮಿಯ ಹದಿಮೂರನೆಯ ದಿನದ ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ ಅಮ್ಮನನ್ನು ನನ್ನ ಮನೆಗೆ ಕರೆದುಕೊಂಡು ಹೋಗಲು ಬಟ್ಟೆ ಜೋಡಿಸುತ್ತಿದ್ದೆ. ಅಮ್ಮ ಮಂಚದ ಕಡೆ ತೋರಿಸಿದಳು.

"ಹಾಸಿಗೆ ತೆಗಿ. ಹಲಗೆ ಅಕ್ಕಂಗೆ ಕೊಡು ಅಂದಿದಾಳೆ."

"ನನಗ್ಯಾಕಮ್ಮ ಅದು? ನನಗೆ ಅದರಲ್ಲಿ ಏನು ತಿಳಿಯತ್ತೆ? ಅವಳ ಸ್ಕೂಲಿಗೇ ಕೊಟ್ಬಿಡೋಣ."

"ನನ್ನನ್ನ ಕೇಳ್ಬೇಡ. ಅವಳು ಹೇಳಿದ್ದು ಹೇಳಿದೆ."

ಲಾಡಿ ಬಿಚ್ಚಿದೆ. ಬೇವಿನೆಲೆಯ ಹುಡಿ ಉದುರಿತು. ಒಂದು, ಎರಡು, ಮೂರು. ಮುಂದಿನ ಬೆಣ್ಣೆಕಾಗದ ಎತ್ತಿದಾಗ ಕಂಡದ್ದು ಐದನೆಯ ಹಾಳೆಯಲ್ಲ. ಮಡಿಕೆಯ ಗೆರೆಗಳು ಅಡ್ಡಡ್ಡ ಉದ್ದುದ್ದ ಬಿದ್ದಿದ್ದ, ಯಾರೋ ಬಹಳ ದಿನ ಒತ್ತಿಟ್ಟು ಚಪ್ಪಟೆ ಮಾಡಿದ ನಾಲ್ಕನೆಯ ಹಾಳೆ. ತಿರುಗಿಸಿ ನೋಡಿದೆ. ಹಿಂದೆ ನನ್ನ ಚೀಟಿ ಹಾಗೆಯೇ ಇತ್ತು, ಒಂದು ಮೂಲೆಯೂ ಎದ್ದಿರಲಿಲ್ಲ. ಸುಧಾ, ಎಂಟನೆಯ ತರಗತಿ, ವಿಜ್ಞಾನ. ಮದುವೆಯಾಗಿ ಹೋಗುವವರೆಗೂ ನಾನು ಅದರ ಮೇಲೆಯೇ ಮಲಗಿದ್ದೆ.

ಹಟ ಮುರಿದು ನೋಟ್‌ಪುಸ್ತಕ ತೆರೆದೆ. ನಾಲ್ಕನೆಯ ಹಾಳೆಯ ಸಾಲಿನ ಪಕ್ಕ ಅಣ್ಣನ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿತ್ತು. ತಾರೀಖು ನಾನು ಕದ್ದ ಅದೇ ವಾರದ್ದು. "ಸುಧಾಳ ವಿಜ್ಞಾನದ ಪುಸ್ತಕದ ಮೇಲಿದೆ. ಬೈಂಡು ಚೆನ್ನಾಗಿ ಹಾಕಿದ್ದಾಳೆ. ತಾನಾಗಿ ತಂದುಕೊಡಲಿ, ಅಲ್ಲಿಯವರೆಗೆ ಜಾಗ ಬಿಟ್ಟಿರುವುದು." ಅದರ ಕೆಳಗೆ, ಒಂದು ವರ್ಷದ ನಂತರದ ತಾರೀಖಿಗೆ, ಪಮ್ಮಿಯ ಸೊಟ್ಟ ಅಕ್ಷರ. "ಬಂತು. ಆದರೆ ಅಕ್ಕ ಕೊಟ್ಟದ್ದಲ್ಲ, ಅಮ್ಮ ಪುಸ್ತಕದ ಜೊತೆ ಕೊಟ್ಟದ್ದು. ಆದ್ದರಿಂದ ಜಾಗ ಹಾಗೇ ಇರಲಿ. ಸ್ಥಿತಿ: ಮೇಲೆ ಒಂದು, ಕೆಳಗೆ ಒಂದು ತುಂಡು ಇಲ್ಲ. ಚೀಟಿ ತೆಗೆಯಬಾರದು."

ಓದಿದಾಗ ನನಗೆ ಮೊದಲು ಬಂದದ್ದು ಅಳುವಲ್ಲ. ನಿಜ ಹೇಳಬೇಕಾದರೆ, ಮೊದಲು ಬಂದದ್ದು ಹೊಟ್ಟೆಕಿಚ್ಚೇ. ನನ್ನ ಕಳ್ಳತನವೂ ಅವರಿಬ್ಬರ ಗುಟ್ಟಾಗಿತ್ತು. ಆ ಒಂದು ಸಾಲನ್ನು ಇಬ್ಬರೂ ಕೂತು ಓದಿಕೊಂಡಿದ್ದಾರೆ, ನನ್ನ ಬಗ್ಗೆ ತಗ್ಗಿದ ದನಿಯಲ್ಲಿ ಮಾತಾಡಿಕೊಂಡಿದ್ದಾರೆ, ಆಮೇಲೆ ನಡುಮನೆಗೆ ಬಂದು ಜಾಗ ಬಿಟ್ಟು ಹಾಸಿದ್ದಾರೆ. ಆ ಜಾಗ ನನ್ನದೆಂದು ನನಗೆ ಮಾತ್ರ ಗೊತ್ತಿರಲಿಲ್ಲ. ಅಳು ಆಮೇಲೆ ಬಂತು. ಅಣ್ಣ ಮೂರನೆಯ ದಿನವೇ ನನ್ನ ಪುಸ್ತಕ ನೋಡಿದ್ದರು. ಬೈಂಡು ಚೆನ್ನಾಗಿದೆ ಎಂದೂ ನೋಡಿದ್ದರು. ನಾನು ಬಾಯಿಬಿಟ್ಟು ಕೇಳಿದ್ದರೆ ಹೇಳಿರುತ್ತಿದ್ದರೇನೋ.

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು, ಹಿಂದೆ ಕಾಫಿ ಲೋಟ ಹಿಡಿದು ನಿಲ್ಲುತ್ತಿದ್ದ ಜಾಗದಲ್ಲೇ. ನಾನು ಕೈ ತೊಳೆದು ಎರಡು ಸಲ ಒರೆಸಿಕೊಂಡೆ. ಬೀದಿಬಾಗಿಲಿನಿಂದ ದೇವರಮನೆಯ ಹೊಸ್ತಿಲಿನವರೆಗೆ ಹಾಳೆಗಳನ್ನು ಹಾಸಿದೆ. ಬಗ್ಗಿ, ಒಂದು ಕಣ್ಣು ಮುಚ್ಚಿ, ಪಮ್ಮಿ ಹೇಳಿದ ಕಡೆಯಿಂದ ಬಿಸಿಲು ಬರುತ್ತಿದೆ ಎಂದುಕೊಂಡು ನೋಡಿದೆ. ನನಗೆ ಈಗಲೂ ಅವು ಗುಳ್ಳೆಗಳಾಗಿಯೇ ಕಾಣುತ್ತವೆ. ನಾಲ್ಕನೆಯದರ ಮೇಲಂಚಿನಲ್ಲಿ ಮತ್ತು ಕೆಳಂಚಿನಲ್ಲಿ ಹೆಬ್ಬೆರಳಿನಷ್ಟು ಕೆಂಪು ನೆಲ ಕಾಣುತ್ತಿತ್ತು.

ಈಗ ಹಲಗೆಗಳು ಹನುಮಂತನಗರದಲ್ಲಿ, ನನ್ನ ಹಾಸಿಗೆಯ ಕೆಳಗಿವೆ. ನೋಟ್‌ಪುಸ್ತಕದಲ್ಲಿ ನಾನು ಇನ್ನೂ ಏನೂ ಬರೆದಿಲ್ಲ. ಆರು ಹಾಳೆಗಳೂ ಇವೆ. ಅಳತೆಪಟ್ಟಿ ಇದ್ದ ತುಂಡು ಇಲ್ಲ.